ತೋಟದ ಮನೆಯ ಟಿವಿಗೆ ಡಿವಿಡಿ: ಡಿವಿಡಿ ಸ್ಟೈಲರ್ ಮತ್ತು ಇಮ್ಗ್‌ಬರ್ನ್ ತಂತ್ರಾಂಶಗಳ ವಿಮರ್ಶೆ

ಕೊಡಗಿನ ನಾಪೋಕ್ಲಿನಿಂದ ಒಳಗೆ, ಬಸ್ಸು ಇಳಿದು ಕಾಫಿ ತೋಟದ ನಡುವೆ ಇಪ್ಪತ್ತು ನಿಮಿಷ ನಡೆದರೆ ನನ್ನ ಚಿಕ್ಕಪ್ಪನವರ ಮನೆ ಸಿಗುತ್ತದೆ. ಅಲ್ಲಿ ಮೊಬೈಲ್ ಸಿಗ್ನಲ್ ಬರುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕಕ್ಕಡ ತಿಂಗಳ ಗಾಳಿಮಳೆ ಹಿಡಿಯಿತೆಂದರೆ ಅದೂ ಇಲ್ಲ. ಯೂಟ್ಯೂಬ್ ಕೊಂಡಿಯನ್ನೋ ವಾಟ್ಸಾಪಿನ ವಿಡಿಯೊವನ್ನೋ ಕಳುಹಿಸಿ ನೋಡಿ ಎಂದು ಹೇಳುವಂತಿಲ್ಲ. ಅವರ ಕೋಣೆಯಲ್ಲಿ ಹಳೆಯದೊಂದು ದಪ್ಪ ಟಿವಿ, ಅದರ ಮೇಲೆ ಡಿವಿಡಿ ಪ್ಲೇಯರ್ ಇದೆ. ಚಿಕ್ಕಪ್ಪನವರಿಗೆ ಬೇಕಾಗಿರುವುದು ಪ್ಲೇಯರಿಗೆ ಹಾಕಿ ಗುಂಡಿ ಒತ್ತಿದರೆ ಓಡುವ ಡಿವಿಡಿ. ಅದನ್ನು ಮನೆಯ ಕಂಪ್ಯೂಟರಿನಲ್ಲೇ ತಯಾರಿಸಿಕೊಡಬೇಕೆಂದು ಕಳೆದ ಮಳೆಗಾಲವಿಡೀ ಕುಳಿತು ಕೆಲಸ ಮಾಡಿದೆ. ಅದಕ್ಕಾಗಿ ಮುಖ್ಯವಾಗಿ ಬಳಸಿದ ತಂತ್ರಾಂಶಗಳು ಎರಡು: ಡಿವಿಡಿಯ ಮೆನು ಮತ್ತು ರಚನೆಯನ್ನು ಸಿದ್ಧಪಡಿಸುವ ಡಿವಿಡಿ ಸ್ಟೈಲರ್, ಸಿದ್ಧವಾದದ್ದನ್ನು ಡಿಸ್ಕಿಗೆ ಬರ್ನ್ ಮಾಡುವ ಇಮ್ಗ್‌ಬರ್ನ್. ಎರಡೂ ಉಚಿತ. ಎರಡನ್ನೂ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆದರೆ ಇವುಗಳನ್ನು ಬಳಸುವವರು ಒಂದು ಮಾತನ್ನು ಮೊದಲೇ ತಿಳಿದುಕೊಂಡಿರಬೇಕು: ಡಿವಿಡಿ ಸರಿಯಾಗಿ ಓಡದಿದ್ದಾಗ ನಾವು ಡಿಸ್ಕನ್ನೋ ರೈಟರನ್ನೋ ದೂರುತ್ತೇವೆ, ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷ ಅದಕ್ಕೂ ಹಿಂದೆ, ವಿಡಿಯೊ ಪರಿವರ್ತನೆಯ ಹಂತದಲ್ಲೇ ನುಸುಳಿರುತ್ತದೆ.

ನನ್ನ ಮುಂದೆ ಇದ್ದದ್ದು ಮೂರು ಬಗೆಯ ಸರಕು. ಮೊದಲನೆಯದು 1998ರ ಮದುವೆಯ ವಿಡಿಯೊ. ಅದರ ಮೂಲ ವಿಎಚ್‌ಎಸ್ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಂದೋ ಹಾಳಾಯಿತು. ಅದಕ್ಕೂ ಮೊದಲು ಒಂದು ಸ್ಟುಡಿಯೊದಲ್ಲಿ ಮೂರು ವಿಸಿಡಿಗಳಿಗೆ ಇಳಿಸಿಕೊಂಡದ್ದು ಮಾತ್ರ ಉಳಿದಿದೆ. ಎರಡನೆಯದು 2006ರ ಪುತ್ತರಿಯ (ಕೊಡವರ ಸುಗ್ಗಿಹಬ್ಬ) ದಿನ ಊರಿನ ಬಯಲಾದ ಮಂದ್‌ನಲ್ಲಿ ಮಿನಿಡಿವಿ ಟೇಪಿನ ಕ್ಯಾಮೆರಾದಿಂದ ತೆಗೆದ ಕೋಲಾಟ್ ಮತ್ತು ಬೊಳಕಾಟ್ ಕುಣಿತಗಳು. ಮೂರನೆಯದು ಕಳೆದ ವರ್ಷದ ಪುತ್ತರಿಗೆ ಅಣ್ಣನ ಮಗ ಮೊಬೈಲಿನಲ್ಲಿ ಹಿಡಿದ ದೃಶ್ಯಗಳು. ಹೊರನೋಟಕ್ಕೆ ಎಲ್ಲವೂ ವಿಡಿಯೊಗಳೇ. ಒಳಗೆ ಒಂದಕ್ಕೊಂದು ಸಂಬಂಧವಿಲ್ಲ.

ಶುರುವಿನಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಅದನ್ನೇ ಮಾಡುತ್ತಾರೆ. ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಮುಗಿಸುತ್ತೇನೆ ಎಂದು ಹೇಳಿಕೊಳ್ಳುವ ತಂತ್ರಾಂಶವೊಂದನ್ನು ಹಣ ಕೊಟ್ಟು ತರಿಸಿಕೊಂಡೆ. ಮೂರೂ ಬಗೆಯ ಕಡತಗಳನ್ನು ಅದರೊಳಗೆ ಸುರಿದೆ. ರಾತ್ರಿಯಿಡೀ ಓಡಿ ಬೆಳಿಗ್ಗೆ ಡಿಸ್ಕನ್ನು ಹೊರಗೆ ತಳ್ಳಿತು. ಅದನ್ನು ಚಿಕ್ಕಪ್ಪನವರಿಗೆ ತಲುಪಿಸಿದ ಮಾರನೆಯ ದಿನ ಅವರು ಅಂಗಳದ ಮೂಲೆಯಿಂದ ಫೋನ್ ಮಾಡಿದರು.

“ಚಿತ್ರ ಏನೋ ಬರ್ತದೆ, ಆದ್ರೆ ಆಡುವವರೆಲ್ಲ ನಡುಗಿದ ಹಾಗೆ ಕಾಣ್ತದೆ. ಕೊನೆಕೊನೆಗೆ ಮಾತು ಮೊದಲು ಕೇಳ್ತದೆ, ಬಾಯಿ ಆಮೇಲೆ ಅಲ್ಲಾಡ್ತದೆ. ಡಿಸ್ಕ್ ಸರಿ ಇಲ್ವೇನೋ, ಬೇರೆ ಹಾಕಿ ನೋಡು.”

ಬೇರೆ ಹಾಕಿ ನೋಡಿದೆ. ಮೂರು ಡಿಸ್ಕು ವ್ಯರ್ಥವಾದ ಮೇಲೆ ಒಂದು ಮಾತು ಹೊಳೆಯಿತು: ಡಿಸ್ಕಿನಲ್ಲಿ ದೋಷವಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯಬೇಕು, ಇಲ್ಲವೇ ನಿಂತೇ ಹೋಗಬೇಕು. ಮಾತು ಸ್ವಲ್ಪಸ್ವಲ್ಪವಾಗಿ ಜಾರುತ್ತಾ ಹೋಗುವುದು ಡಿಸ್ಕಿನ ಕಾಯಿಲೆಯಲ್ಲ. ಆಗ ಎಲ್ಲವನ್ನೂ ಬಿಚ್ಚಿ, ಹಂತಹಂತವಾಗಿ ಮಾಡಲು ಡಿವಿಡಿ ಸ್ಟೈಲರಿಗೆ ಬಂದೆ.

ಡಿವಿಡಿ ಸ್ಟೈಲರಿನ ದೊಡ್ಡ ಗುಣವೆಂದರೆ ಅದು ನಮ್ಮನ್ನು ಯಾವ ಹಂತದಲ್ಲಿ ಬೇಕಾದರೂ ನಿಲ್ಲಲು ಬಿಡುತ್ತದೆ. ಇದು ಮುಕ್ತ ಆಕರದ ತಂತ್ರಾಂಶ; ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಸಿಗುತ್ತದೆ. ಒಳಗೆ ಎಫ್‌ಎಫ್‌ಎಂಪೆಗ್, ಡಿವಿಡಿ ಆಥರ್ ಮೊದಲಾದ, ವಿಡಿಯೊ ಪರಿವರ್ತಿಸಿ ಡಿವಿಡಿ ಕಟ್ಟುವ ಹಳೆಯ, ನಂಬಿಕಸ್ಥ ಉಪಕರಣಗಳೇ ಕೆಲಸ ಮಾಡುತ್ತವೆ. ಇದು ಅವುಗಳ ಮೇಲಿನ ಮುಖ ಮಾತ್ರ. ಹೊಸ ಯೋಜನೆ ಆರಂಭಿಸಿದ ಕೂಡಲೇ ಡಿಸ್ಕಿನ ಅಳತೆ ಎಷ್ಟು, ಟಿವಿ ಚಿತ್ರದ ಎರಡು ಪದ್ಧತಿಗಳಲ್ಲಿ ಪಾಲ್ ಬೇಕೋ ಎನ್‌ಟಿಎಸ್‌ಸಿ ಬೇಕೋ, ಚಿತ್ರದ ಅನುಪಾತ 4:3 ಇರಬೇಕೋ 16:9 ಇರಬೇಕೋ, ಧ್ವನಿ ಎಂಪಿ2 ಆಗಬೇಕೋ ಎಸಿ3 ಆಗಬೇಕೋ ಎಂದು ಕೇಳುತ್ತದೆ. ಹೊಸಬರು ಈ ಪ್ರಶ್ನೆಗಳನ್ನು ಓದದೆ ಮುಂದಕ್ಕೆ ಒತ್ತಿಬಿಡುತ್ತಾರೆ. ಹಾಗೆ ಮಾಡಬಾರದು, ಏಕೆಂದರೆ ಕೆಲಸದ ಅರ್ಧಭಾಗ ಈ ನಾಲ್ಕು ಉತ್ತರಗಳಲ್ಲೇ ಮುಗಿಯುತ್ತದೆ. ಕೊನೆಯಲ್ಲಿಯೂ ಅಷ್ಟೆ: ಕಡತಗಳನ್ನು ಒಂದು ಫೋಲ್ಡರಿನಲ್ಲಿ ತಯಾರಿಸಿ ನಿಲ್ಲಬಹುದು, ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪ್ರತಿರೂಪವಾದ ಒಂದೇ ಕಡತ) ಮಾಡಿ ನಿಲ್ಲಬಹುದು, ಅಥವಾ ನೇರವಾಗಿ ಬರ್ನ್ ಮಾಡಬಹುದು. ನಾನು ಪ್ರತಿ ಬಾರಿಯೂ ಐಎಸ್‌ಒ ಹಂತದಲ್ಲಿ ನಿಲ್ಲುತ್ತೇನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಡಿವಿಡಿ ಪ್ಲೇಯರ್ ಏಕೆ ಇಷ್ಟು ಹಟ ಮಾಡುತ್ತದೆ ಎಂಬುದನ್ನು ಅರ್ಥಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಈ ಪ್ಲೇಯರುಗಳು ಮೊದಲು ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಜಪಾನಿನಲ್ಲಿ. ಅಂದು ಗೊತ್ತುಮಾಡಿದ ನಿಯಮಗಳೇ ಇಂದಿಗೂ ನಡೆಯುತ್ತಿವೆ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720x576, ಸೆಕೆಂಡಿಗೆ ಸರಿಯಾಗಿ 25 ಫ್ರೇಮ್ (ಬಿಡಿ ಚಿತ್ರ), ಸಂಕೇತನ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನ) ಎಂಪೆಗ್-2, ಧ್ವನಿ ಸೆಕೆಂಡಿಗೆ 48 ಸಾವಿರ ಮಾದರಿಗಳದ್ದು, ವಿಡಿಯೊದ ಗರಿಷ್ಠ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ದತ್ತಾಂಶ) 9.8 ಮೆಗಾಬಿಟ್. ಡಿಸ್ಕಿನಲ್ಲಿ ವಿಡಿಯೊ ಟಿಎಸ್ ಎಂಬ ಫೋಲ್ಡರ್ ಇರಬೇಕು, ಅದರೊಳಗೆ ಐಎಫ್‌ಒ, ಬಿಯುಪಿ ಮತ್ತು ವಿಒಬಿ ಕಡತಗಳಿರಬೇಕು. ಕಂಪ್ಯೂಟರ್ ಎಂಥ ಕಡತ ಕೊಟ್ಟರೂ ಹೇಗೋ ಹೊಂದಿಸಿಕೊಂಡು ಓಡಿಸುತ್ತದೆ; ಹಳೆಯ ಪ್ಲೇಯರಿನ ಚಿಪ್ಪಿಗೆ ಆ ಸಾಮರ್ಥ್ಯವಿಲ್ಲ. ಹಾಗಾಗಿ ಎಂಪಿ4 ಕಡತವನ್ನು ಎಳೆದು ಡಿಸ್ಕಿಗೆ ಹಾಕಿದರೆ ಅದು ಡಿವಿಡಿ ಆಗುವುದಿಲ್ಲ. ವಿಂಡೋಸ್ ಖಾಲಿ ಡಿಸ್ಕ್ ಕಂಡಾಗ ಪೆನ್‌ಡ್ರೈವಿನಂತೆ ಬಳಸುವಿರಾ ಎಂದು ಕೇಳಿದಾಗ ಹೌದೆಂದು ಒತ್ತಿದರಂತೂ ಬಹಳಷ್ಟು ಹಳೆಯ ಪ್ಲೇಯರುಗಳು ಅಂತಹ ಡಿಸ್ಕನ್ನು ಗುರುತಿಸುವುದೇ ಇಲ್ಲ.

ಈಗ ಮದುವೆಯ ವಿಸಿಡಿಯ ವಿಷಯಕ್ಕೆ ಬರುತ್ತೇನೆ. ವಿಸಿಡಿಯ ಚಿತ್ರ 352x288 ಅಳತೆಯ ಎಂಪೆಗ್-1. ಅದರ ಬಿಟ್‌ರೇಟ್ 1150 ಕಿಲೋಬಿಟ್ ಮಾತ್ರ. ಇಷ್ಟು ತೆಳ್ಳಗಿನ ಚಿತ್ರವನ್ನು ಹಿಗ್ಗಿಸಿ ದೊಡ್ಡ ಅಳತೆಗೆ ಮರುಸಂಕೇತನ ಮಾಡಿದರೆ ಇಲ್ಲದ ವಿವರ ಬರುವುದಿಲ್ಲ, ಇದ್ದ ವಿವರವೂ ಮಸುಕಾಗುತ್ತದೆ. ಹಣ ಕೊಟ್ಟ ತಂತ್ರಾಂಶ ಹೀಗೆಯೇ ಮಾಡಿತ್ತು. ಮದುಮಗಳ ಸೀರೆಯ ಜರಿ ಅಂಚು ಕಲಸಿದ ಬಣ್ಣವಾಗಿತ್ತು. ವಿಶೇಷವೆಂದರೆ ಡಿವಿಡಿಯ ನಿಯಮಗಳು 352x288 ಅಳತೆಯ ಎಂಪೆಗ್-1 ಚಿತ್ರವನ್ನು ಹಾಗೆಯೇ ಒಪ್ಪಿಕೊಳ್ಳುತ್ತವೆ. ಒಪ್ಪದಿರುವುದು ಧ್ವನಿಯನ್ನು ಮಾತ್ರ, ಏಕೆಂದರೆ ವಿಸಿಡಿಯ ಧ್ವನಿ 44.1 ಸಾವಿರ ಮಾದರಿಗಳದ್ದು. ಡಿವಿಡಿ ಸ್ಟೈಲರಿನಲ್ಲಿ ಆ ವಿಡಿಯೊದ ಗುಣಲಕ್ಷಣಗಳನ್ನು ತೆರೆದು ಚಿತ್ರಕ್ಕೆ ಕಾಪಿ ಎಂದೂ ಧ್ವನಿಗೆ ಎಸಿ3 ಎಂದೂ ಆರಿಸಿದೆ. ಚಿತ್ರವನ್ನು ಮುಟ್ಟದೆ, ಧ್ವನಿಯನ್ನಷ್ಟೇ 48 ಸಾವಿರಕ್ಕೆ ಏರಿಸಿ, ಮೂರು ವಿಸಿಡಿಗಳು ಒಂದೇ ಡಿವಿಡಿಯೊಳಗೆ ಕುಳಿತವು. ಡಿಸ್ಕಿನಲ್ಲಿ ಇನ್ನೂ ಅರ್ಧದಷ್ಟು ಜಾಗ ಮಿಕ್ಕಿತು. ಜರಿ ಅಂಚು ವಿಸಿಡಿಯಲ್ಲಿ ಎಷ್ಟು ಕಾಣುತ್ತಿತ್ತೋ ಅಷ್ಟೇ ಕಂಡಿತು. ಹಳೆಯ ವಿಸಿಡಿ ಇಟ್ಟುಕೊಂಡವರೆಲ್ಲ ಈ ಒಂದು ಆಯ್ಕೆಗಾಗಿಯೇ ಡಿವಿಡಿ ಸ್ಟೈಲರನ್ನು ಹಾಕಿಕೊಳ್ಳಬೇಕು ಎನ್ನುತ್ತೇನೆ.

ವಿಸಿಡಿಯಿಂದ ಕಡತವನ್ನು ಎತ್ತುವುದು ಬೇರೆಯೇ ಒಂದು ಕಷ್ಟ. ವಿಡಿಯೊಗೆ ಹೆಚ್ಚು ಜಾಗ ಸಿಗಲೆಂದು ವಿಸಿಡಿಯಲ್ಲಿ ಡೇಟಾ ಸಿಡಿಯಲ್ಲಿರುವ ಒಂದು ಪದರದ ದೋಷ ತಿದ್ದುವಿಕೆಯನ್ನು ಬಿಟ್ಟುಬಿಟ್ಟಿದ್ದಾರೆ. ಆದ್ದರಿಂದ ಸಣ್ಣ ಗೀರು ಇದ್ದರೂ ನಕಲು ಮಾಡುವಾಗ ವಿಂಡೋಸ್ ದೋಷ ತೋರಿಸಿ ನಿಂತುಬಿಡುತ್ತದೆ. ನನ್ನ ಎರಡನೆಯ ವಿಸಿಡಿ ಗಂಗಾಪೂಜೆಯ ಭಾಗದಲ್ಲೇ ಹೀಗೆ ನಿಂತಿತು. ಮೆತ್ತನೆಯ ಹತ್ತಿ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಸುತ್ತಲೂ ಉರುಟಾಗಿ ಒರೆಸಬಾರದು. ಹಾಗೆ ಬಿದ್ದ ಗೀರು ದತ್ತಾಂಶದ ಸಾಲಿನ ಉದ್ದಕ್ಕೂ ಹೋಗುತ್ತದೆ, ಅದನ್ನು ಪ್ಲೇಯರ್ ತಿದ್ದಿಕೊಳ್ಳಲಾರದು. ಆ ನಂತರ ಇನ್ನೊಂದು ಕಂಪ್ಯೂಟರಿನ ಡ್ರೈವಿನಲ್ಲಿ ಹಾಕಿದಾಗ ಪೂರ್ತಿ ಓದಿತು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ಅಪರೂಪವೇನಲ್ಲ. ಹಾಳಾಯಿತೆಂದು ಎಸೆಯುವ ಮೊದಲು ನೆರೆಮನೆಯ ಹಳೆಯ ಕಂಪ್ಯೂಟರಿನಲ್ಲಾದರೂ ಒಮ್ಮೆ ನೋಡಬೇಕು.

ಮಿನಿಡಿವಿ ಕೊಟ್ಟ ಪಾಠ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಟೇಪಿನಿಂದ ಫೈರ್‌ವೈರ್ ಎಂಬ ತಂತಿಯ ಮೂಲಕ ಇಳಿಸಿಕೊಂಡ ವಿಡಿಯೊ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ; ಗುಣಮಟ್ಟ ಬಹಳ ಚೆನ್ನಾಗಿರುತ್ತದೆ. ಆದರೆ ಇದರ ಪ್ರತಿಯೊಂದು ಫ್ರೇಮ್ ಎರಡು ಅರ್ಧಗಳಿಂದ ಹೆಣೆದದ್ದು: ಬೆಸ ಸಾಲುಗಳದ್ದೊಂದು, ಸಮ ಸಾಲುಗಳದ್ದೊಂದು. ಇವುಗಳಿಗೆ ಫೀಲ್ಡ್ ಎನ್ನುತ್ತಾರೆ. ಸೆಕೆಂಡಿಗೆ 25 ಫ್ರೇಮ್ ಎಂದರೆ 50 ಫೀಲ್ಡ್. ಒಂದೊಂದು ಫೀಲ್ಡೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಮುಂದಿನ ಕ್ಷಣದ್ದು. ಡಿವಿ ಟೇಪಿನಲ್ಲಿ ಮೊದಲು ಬರುವುದು ಕೆಳಗಿನ ಫೀಲ್ಡ್. ಅನೇಕ ತಂತ್ರಾಂಶಗಳು ಮೇಲಿನದೇ ಮೊದಲು ಎಂದು ಭಾವಿಸಿ ಪರಿವರ್ತಿಸುತ್ತವೆ. ಆಗ ಟಿವಿಯು ಎರಡನೆಯ ಕ್ಷಣವನ್ನು ಮೊದಲು ತೋರಿಸಿ, ಮೊದಲನೆಯದನ್ನು ಆಮೇಲೆ ತೋರಿಸುತ್ತದೆ. ಚಲನೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತಾಗುತ್ತದೆ. ಚಿಕ್ಕಪ್ಪನವರು ನಡುಗಿದ ಹಾಗೆ ಎಂದದ್ದು ಇದನ್ನೇ.

ಇದು ಕಂಪ್ಯೂಟರಿನ ಪರದೆಯ ಮೇಲೆ ಕಾಣುವುದಿಲ್ಲ ಎಂಬುದೇ ತೊಂದರೆ. ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ ಸುತ್ತುತ್ತಾ ಚೌರಿ (ಚಾಮರ) ಬೀಸುವ ದೃಶ್ಯವನ್ನು ನಿಲ್ಲಿಸಿ ನೋಡಿದೆ. ಚೌರಿಯ ಬಿಳಿಗೂದಲ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಅಡ್ಡಗೆರೆಗಳು ಕಂಡವು. ಕುಪ್ಯ ಎಂಬ ನಿಲುವಂಗಿಯ ಕಪ್ಪು ತೋಳು ಸರಿದಲ್ಲೆಲ್ಲ ಅದೇ ಗೆರೆಗಳು. ನಿಂತು ನೋಡುತ್ತಿದ್ದ ಹಿರಿಯರ ಮುಖದಲ್ಲಿ, ದೀಪದ ಕಂಬದಲ್ಲಿ ಒಂದೂ ಇಲ್ಲ. ಆ ಗೆರೆಗಳು ದೋಷವಲ್ಲ. ಎರಡು ಫೀಲ್ಡುಗಳು ಒಟ್ಟಿಗೆ ಕಂಡದ್ದು ಅಷ್ಟೆ. ದೋಷವಿದ್ದದ್ದು ಅವುಗಳ ಕ್ರಮದಲ್ಲಿ, ಅದು ಕಾಣುವುದು ಟಿವಿಯಲ್ಲಿ ಓಡಿಸಿದಾಗ. ಮೀಡಿಯಾಇನ್ಫೋ ಎಂಬ ಪುಟ್ಟ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಫೀಲ್ಡುಗಳ ಕ್ರಮ ಯಾವುದೆಂದು ಬರೆದಿರುತ್ತದೆ. ಪರಿವರ್ತನೆಗೆ ಮೊದಲು ಒಂದು ಸಲ, ನಂತರ ಒಂದು ಸಲ ಅದನ್ನು ನೋಡಿಕೊಂಡರೆ ಸಾಕು. ನಾನು ಈ ಭಾಗವನ್ನು ಎಫ್‌ಎಫ್‌ಎಂಪೆಗ್‌ನಲ್ಲೇ ಪರಿವರ್ತಿಸಿದೆ: ಅದರ ಟಾರ್ಗೆಟ್ ಆಯ್ಕೆಗೆ ಪಾಲ್-ಡಿವಿಡಿ ಎಂದು ಕೊಟ್ಟರೆ ಅಳತೆ, ಫ್ರೇಮ್, ಧ್ವನಿ ಎಲ್ಲವೂ ತಾನಾಗಿ ಡಿವಿಡಿಯ ನಿಯಮಕ್ಕೆ ಹೊಂದುತ್ತವೆ, ಜೊತೆಗೆ ಹೆಣೆದ ಚಿತ್ರಕ್ಕೆ ಬೇಕಾದ ಸಂಕೇತನವನ್ನು ಚಾಲೂ ಮಾಡಿ, ಸೆಟ್‌ಫೀಲ್ಡ್ ಎಂಬ ಫಿಲ್ಟರಿನಲ್ಲಿ ಕೆಳಗಿನದು ಮೊದಲು ಎಂದು ತಿಳಿಸಿದೆ. ಹಾಗೆ ಸಿದ್ಧವಾದ ಕಡತವನ್ನು ಡಿವಿಡಿ ಸ್ಟೈಲರಿಗೆ ತಂದು ಮತ್ತೆ ಕಾಪಿ ಎಂದೇ ಆರಿಸಿದೆ. ಮುಂದಿನ ಡಿಸ್ಕಿನಲ್ಲಿ ಚೌರಿ ನೀರು ಹರಿದಂತೆ ಬೀಸಿತು.

ಕೆಲವರು ಈ ಗೆರೆಗಳನ್ನು ಕಂಡು ಗಾಬರಿಯಾಗಿ ಡೀಇಂಟರ್‌ಲೇಸ್ ಮಾಡಿಬಿಡುತ್ತಾರೆ, ಅಂದರೆ ಎರಡು ಫೀಲ್ಡುಗಳನ್ನು ಒಂದೇ ಚಿತ್ರವಾಗಿ ಬೆಸೆದುಬಿಡುತ್ತಾರೆ. ಮೊಬೈಲಿನಲ್ಲಿ ನೋಡುವುದಾದರೆ ಅದು ಸರಿ. ದಪ್ಪ ಟಿವಿಗಾಗಿ ಡಿವಿಡಿ ಮಾಡುವಾಗ ಮಾಡಬಾರದು. ಆ ಟಿವಿ ಇರುವುದೇ ಫೀಲ್ಡುಗಳನ್ನು ಒಂದಾದ ಮೇಲೊಂದು ತೋರಿಸಲು, ಸೆಕೆಂಡಿಗೆ 50 ಬಾರಿ ಸರಿಯುವ ಚಲನೆಯನ್ನು 25ಕ್ಕೆ ಇಳಿಸಿ ಕೊಡುವುದರಲ್ಲಿ ಅರ್ಥವಿಲ್ಲ.

ಮೊಬೈಲಿನ ವಿಡಿಯೊದಲ್ಲಿ ಇದ್ದದ್ದು ಮಾತು ಜಾರುವ ತೊಂದರೆ. ಮೊಬೈಲುಗಳು ಬೆಳಕು ಕಡಿಮೆಯಾದಾಗ ಫ್ರೇಮುಗಳ ಗತಿಯನ್ನು ತಾವೇ ಬದಲಿಸಿಕೊಳ್ಳುತ್ತವೆ: ಒಂದು ಕ್ಷಣ ಸೆಕೆಂಡಿಗೆ 30, ಕತ್ತಲಾದಾಗ 24, ಮತ್ತೆ 29. ಪುತ್ತರಿಯ ಕದಿರು (ಭತ್ತದ ತೆನೆ) ತೆಗೆಯುವುದು ರಾತ್ರಿ. ಒಮ್ಮೆ ಪಂಜಿನ ಬೆಳಕು, ಒಮ್ಮೆ ಗದ್ದೆಯ ಕತ್ತಲೆ. ಇಂತಹ ಕಡತವನ್ನು ಗತಿ ಒಂದೇ ಎಂದು ನಂಬಿ ಪರಿವರ್ತಿಸುವ ತಂತ್ರಾಂಶದಲ್ಲಿ ಧ್ವನಿ ತನ್ನ ವೇಗದಲ್ಲಿ ಓಡುತ್ತದೆ, ಚಿತ್ರ ಹಿಂದೆ ಬೀಳುತ್ತದೆ. ಮೊದಲ ಐದು ನಿಮಿಷ ಏನೂ ತಿಳಿಯುವುದಿಲ್ಲ. ನಲವತ್ತನೆಯ ನಿಮಿಷಕ್ಕೆ ದುಡಿ ವಾದ್ಯದ ಪೆಟ್ಟು ಕೇಳಿದ ಮೇಲೆ ಕೈ ಬೀಳುತ್ತದೆ. ಪರಿಹಾರ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿದೆ: ವಿಡಿಯೊ ವಿಭಾಗದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಎಂಬುದನ್ನು ಆರಿಸಿ, ಒಂದು ಗತಿಯನ್ನು ಗೊತ್ತುಮಾಡಿ, ಗುಣಮಟ್ಟವನ್ನು ಮೇಲ್ಮಟ್ಟದಲ್ಲಿಟ್ಟು ಎಂಪಿ4 ಮಾಡಿಕೊಳ್ಳಬೇಕು. ಹ್ಯಾಂಡ್‌ಬ್ರೇಕ್ ಡಿವಿಡಿಯನ್ನು ತಯಾರಿಸುವುದಿಲ್ಲ. ಅದು ಕಡತವನ್ನು ಹದಕ್ಕೆ ತಂದುಕೊಡುತ್ತದೆ, ಮುಂದಿನದನ್ನು ಡಿವಿಡಿ ಸ್ಟೈಲರ್ ಮಾಡುತ್ತದೆ.

ಗತಿ ಯಾವುದಿರಬೇಕು ಎಂಬಲ್ಲಿ ನಾನು ಸಾಮಾನ್ಯ ಸಲಹೆಯಿಂದ ಬೇರೆಯಾದೆ. 30ರ ಗತಿಯ ಮೊಬೈಲ್ ವಿಡಿಯೊವನ್ನು ಪಾಲ್‌ನ 25ಕ್ಕೆ ಇಳಿಸಿದರೆ ಪ್ರತಿ ಸೆಕೆಂಡಿಗೆ ಐದು ಫ್ರೇಮ್ ಕಳೆದುಹೋಗಿ ನಡಿಗೆ ತಡವರಿಸಿದಂತೆ ಕಾಣುತ್ತದೆ. ಎನ್‌ಟಿಎಸ್‌ಸಿಯ ಗತಿ 29.97, ಅಂದರೆ ಮೊಬೈಲಿಗೆ ಬಹಳ ಹತ್ತಿರ. ನಮ್ಮಲ್ಲಿ ಮಾರಾಟವಾದ ಪ್ಲೇಯರುಗಳಲ್ಲಿ ಹೆಚ್ಚಿನವು ಎರಡೂ ಪದ್ಧತಿಗಳನ್ನು ಓಡಿಸುತ್ತವೆ, ಚಿಕ್ಕಪ್ಪನವರದೂ ಓಡಿಸಿತು. ಹಾಗಾಗಿ ಮೊಬೈಲ್ ದೃಶ್ಯಗಳಿಗೆ ಪ್ರತ್ಯೇಕ ಎನ್‌ಟಿಎಸ್‌ಸಿ ಡಿಸ್ಕನ್ನೂ, ಹಳೆಯ ಎರಡಕ್ಕೆ ಪಾಲ್ ಡಿಸ್ಕನ್ನೂ ಮಾಡಿದೆ. ಎರಡು ಪದ್ಧತಿಗಳನ್ನು ಒಂದೇ ಡಿಸ್ಕಿನಲ್ಲಿ ಬೆರೆಸಬಾರದು. ಮೊದಲ ತಂತ್ರಾಂಶ ನನ್ನನ್ನು ಕೇಳದೆ ಎಲ್ಲವನ್ನೂ ಎನ್‌ಟಿಎಸ್‌ಸಿಗೆ ತಿರುಗಿಸಿದ್ದೂ ಪುತ್ತರಿ ಕೋಲಾಟ್ ಹಾಳಾಗಲು ಇನ್ನೊಂದು ಕಾರಣವಾಗಿತ್ತು.

ಜಾಗದ ಲೆಕ್ಕವನ್ನು ಇಲ್ಲಿ ಹೇಳಬೇಕು. ಡಿಸ್ಕಿನ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ 4.38 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ, ಒಬ್ಬರು ಸಾವಿರದ ಲೆಕ್ಕದಲ್ಲಿ, ಇನ್ನೊಬ್ಬರು 1024ರ ಲೆಕ್ಕದಲ್ಲಿ ಎಣಿಸುತ್ತಾರೆ. ಎರಡು ಗಂಟೆಯ ವಿಡಿಯೊಗೆ ಧ್ವನಿಯೂ ಸೇರಿ ಸುಮಾರು 5.2 ಮೆಗಾಬಿಟ್ ದೊರೆಯುತ್ತದೆ, ಒಂದೂವರೆ ಗಂಟೆಗೆ 6.9. ಮೂರು ಗಂಟೆ ತುರುಕಿದರೆ 3.4ಕ್ಕೆ ಇಳಿದು ಚಲನೆಯಿರುವಲ್ಲೆಲ್ಲ ಚಿತ್ರ ಚೌಕಚೌಕವಾಗುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಿನಿಂದ ನೇರವಾಗಿ ಇಳಿಸಿಕೊಂಡವರಿಗೆ ಇಲ್ಲೊಂದು ಅನುಕೂಲವಿದೆ: ಡಿವಿಡಿಯು 352x576 ಅಳತೆಯನ್ನೂ ಒಪ್ಪುತ್ತದೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಅಷ್ಟಕ್ಕಿಂತ ಹೆಚ್ಚು ವಿವರ ಇರುವುದೇ ಇಲ್ಲವಾದ್ದರಿಂದ ಏನೂ ನಷ್ಟವಾಗುವುದಿಲ್ಲ, ಮೂರು ಗಂಟೆಯೂ ಒಂದು ಡಿಸ್ಕಿನಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ.

ಡಿವಿಡಿ ಸ್ಟೈಲರಿನ ಮೆನು ವಿಭಾಗ ಸರಳವಾಗಿದೆ. ಹಿನ್ನೆಲೆಗೆ ಚಿತ್ರ ಹಾಕಿ ಗುಂಡಿಗಳನ್ನು ಎಳೆದಿಟ್ಟರೆ ಮುಗಿಯಿತು. ಗುಂಡಿಯ ಹೊಳಪಿಗೆ ಡಿವಿಡಿಯ ನಿಯಮದಂತೆ ನಾಲ್ಕೇ ಬಣ್ಣಗಳು ಸಿಗುತ್ತವೆ, ಆದ್ದರಿಂದ ಅಲಂಕಾರದ ಆಸೆ ಬೇಡ. ಕನ್ನಡ ಅಕ್ಷರಗಳನ್ನು ನಾನು ಚಿತ್ರ ಬರೆಯುವ ತಂತ್ರಾಂಶದಲ್ಲಿ ಹಿನ್ನೆಲೆಯ ಚಿತ್ರದ ಮೇಲೆಯೇ ಬರೆದುಕೊಂಡೆ. ಒತ್ತಕ್ಷರ ಎಲ್ಲಿ ಒಡೆಯುತ್ತದೋ ಎಂಬ ಚಿಂತೆ ತಪ್ಪಿತು. ಹಳೆಯ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತವೆಯಾದ್ದರಿಂದ ನಾಲ್ಕೂ ಕಡೆ ಹತ್ತನೆಯ ಒಂದು ಭಾಗ ಬಿಟ್ಟು ಒಳಗೆ ಬರೆಯಬೇಕು. ಕಡತಗಳಿಗೂ ಫೋಲ್ಡರುಗಳಿಗೂ ಮಾತ್ರ ಚಿಕ್ಕ ಇಂಗ್ಲಿಷ್ ಹೆಸರುಗಳನ್ನೇ ಇಡುವುದು ಒಳ್ಳೆಯದು.

ಇನ್ನು ಐಎಸ್‌ಒ ಹಂತದಲ್ಲಿ ನಿಲ್ಲುವ ಕಾರಣ. ಇಮೇಜ್ ಸಿದ್ಧವಾದ ಮೇಲೆ ಅದರ ಮೇಲೆ ಎರಡು ಬಾರಿ ಒತ್ತಿದರೆ ಇಂದಿನ ವಿಂಡೋಸ್ ಅದನ್ನು ಡಿಸ್ಕಿನಂತೆಯೇ ತೆರೆಯುತ್ತದೆ. ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಅದನ್ನು ಓಡಿಸಿ ಮೆನುವಿನ ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡುತ್ತೇನೆ. ಪ್ರತಿ ವಿಡಿಯೊದ ಆರಂಭ, ನಡು ಮತ್ತು ಕೊನೆಯ ಎರಡು ನಿಮಿಷಗಳನ್ನು ಕೇಳುತ್ತೇನೆ. ಮಾತು ಜಾರಿದ್ದರೆ ಕೊನೆಯಲ್ಲಿ ಖಂಡಿತ ಸಿಕ್ಕಿಬೀಳುತ್ತದೆ. ಇಲ್ಲಿ ತಪ್ಪು ಕಂಡರೆ ಪರಿವರ್ತನೆಯದು. ಇಲ್ಲಿ ಸರಿಯಿದ್ದು ಪ್ಲೇಯರಿನಲ್ಲಿ ಒಡೆದರೆ ಬರ್ನ್ ಮಾಡಿದ್ದರದ್ದೋ ಡಿಸ್ಕಿನದ್ದೋ ಪ್ಲೇಯರಿನದ್ದೋ. ಫೀಲ್ಡುಗಳ ಕ್ರಮವೊಂದನ್ನು ಮಾತ್ರ ಟಿವಿಯಲ್ಲೇ ನೋಡಬೇಕು. ಅದಕ್ಕೆ ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಒಂದನ್ನು ಇಟ್ಟುಕೊಂಡಿದ್ದೇನೆ. ಆ ಬಗೆಯ ಡಿಸ್ಕು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕೆಲವು ಹಳೆಯ ಪ್ಲೇಯರುಗಳು ಅದನ್ನು ಓದುವುದಿಲ್ಲ. ಓದದಿದ್ದರೆ ನಮ್ಮ ಕೆಲಸ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ.

ಬರ್ನ್ ಮಾಡಲು ಇಮ್ಗ್‌ಬರ್ನ್. ಇದರ ಕೊನೆಯ ಆವೃತ್ತಿ 2.5.8.0 ಬಂದದ್ದು 2013ರಲ್ಲಿ. ಹಳತಾಯಿತಲ್ಲ ಎನ್ನಬಹುದು, ಆದರೆ ಡಿವಿಡಿಯ ನಿಯಮಗಳೂ ಬದಲಾಗಿಲ್ಲ, ನನ್ನ ಕಂಪ್ಯೂಟರಿನಲ್ಲಿ ಅದು ಇಂದಿಗೂ ತಡೆಯಿಲ್ಲದೆ ನಡೆಯುತ್ತಿದೆ. ಐಎಸ್‌ಒ ಕೊಟ್ಟು, ವೇಗವನ್ನು ಆರಿಸಿ, ವೆರಿಫೈ ಎಂಬಲ್ಲಿ ಗುರುತು ಹಾಕಿ ಬಿಟ್ಟರೆ, ಬರೆದ ಮೇಲೆ ಇಡೀ ಡಿಸ್ಕನ್ನು ಮತ್ತೆ ಓದಿ ಮೂಲದೊಡನೆ ಹೋಲಿಸಿ ನೋಡುತ್ತದೆ. ನಡೆದದ್ದೆಲ್ಲವನ್ನೂ ದಾಖಲೆಯಲ್ಲಿ ಬರೆದಿಡುತ್ತದೆ. ಈ ಪ್ರಾಮಾಣಿಕತೆಗಾಗಿ ನನಗೆ ಇದು ಬಹಳ ಇಷ್ಟ. 16ರ ವೇಗದಲ್ಲಿ ಆರೇಳು ನಿಮಿಷದಲ್ಲಿ ಮುಗಿಯುವುದನ್ನು ನಾನು 4ರ ವೇಗದಲ್ಲಿ ಕಾಲು ಗಂಟೆ ಕೊಟ್ಟು ಮಾಡುತ್ತೇನೆ. ಡಿಸ್ಕು ಒಳಗಿನಿಂದ ಹೊರಗೆ ಬರೆಯಲ್ಪಡುತ್ತದೆ, ದೋಷಗಳು ಹೆಚ್ಚಾಗಿ ಹೊರ ಅಂಚಿನಲ್ಲಿ ಸೇರುತ್ತವೆ. ಆದ್ದರಿಂದ ಪೂರ್ತಿ ತುಂಬದೆ ಸ್ವಲ್ಪ ಜಾಗ ಬಿಡುತ್ತೇನೆ. ನಾನು ಅಗ್ಗವೆಂದು ತಂದ ಒಂದು ಕಟ್ಟು ಡಿಸ್ಕುಗಳಲ್ಲಿ ಹತ್ತಕ್ಕೆ ನಾಲ್ಕು ವೆರಿಫೈ ಹಂತದಲ್ಲೇ ಬಿದ್ದವು. ಹಳೆಯ ಪ್ಲೇಯರುಗಳಿಗೆ ಡಿವಿಡಿ+ಆರ್‌ಗಿಂತ ಡಿವಿಡಿ-ಆರ್ ಹೆಚ್ಚು ಒಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು.

ಕೊಡಗಿನ ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಇನ್ನೆರಡು ಮಾತು. ಕರೆಂಟ್ ಹೋಗುವುದು ಇಲ್ಲಿ ಹೊಸದಲ್ಲ. ಪರಿವರ್ತನೆಯ ನಡುವೆ ಹೋದರೆ ಸಮಯ ಹೋಗುತ್ತದೆ, ಬರ್ನ್ ಮಾಡುವ ನಡುವೆ ಹೋದರೆ ಡಿಸ್ಕೇ ಹೋಗುತ್ತದೆ. ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಬರ್ನ್ ಮಾಡಲೇಬಾರದು. ಲ್ಯಾಪ್‌ಟಾಪಿಗೆ ಯುಎಸ್‌ಬಿ ರೈಟರ್ ಹಚ್ಚುವವರು ನೇರವಾಗಿ ಲ್ಯಾಪ್‌ಟಾಪಿಗೇ ಹಚ್ಚಬೇಕು. ನಾಲ್ಕು ಕವಲಿನ ಹಬ್ ಮೂಲಕ ಕೊಟ್ಟರೆ ವಿದ್ಯುತ್ ಸಾಲದೆ ನಡುವೆ ನಿಲ್ಲುತ್ತದೆ, ನನಗೆ ಎರಡು ಬಾರಿ ಹಾಗಾಯಿತು. ಥಂಡಿ ಹಿಡಿದ ಕೋಣೆಯಿಂದ ತಂದ ರೈಟರನ್ನೂ ಡಿಸ್ಕನ್ನೂ ಒಲೆಯ ಹತ್ತಿರವಲ್ಲದ, ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ಗಂಟೆ ಬಿಟ್ಟು ಬಳಸಬೇಕು. ಲೆನ್ಸಿನ ಮೇಲೆ ಕೂತ ಪಸೆ ಆರುವುದಕ್ಕೆ ಅಷ್ಟು ಹೊತ್ತು ಬೇಕು.

ಕೊರತೆಗಳೂ ಇವೆ. ಡಿವಿಡಿ ಸ್ಟೈಲರ್ ಬ್ಲೂ-ರೇ ತಯಾರಿಸುವುದಿಲ್ಲ. ವಿಡಿಯೊವನ್ನು ತುಂಡುತುಂಡಾಗಿ ಕತ್ತರಿಸಿ ಜೋಡಿಸುವ ಕೆಲಸವನ್ನು ಬೇರೆ ಕಡೆ ಮುಗಿಸಿಕೊಂಡೇ ಇಲ್ಲಿಗೆ ಬರಬೇಕು. ಏನಾದರೂ ತಪ್ಪಿದಾಗ ಬರುವ ಸಂದೇಶ ಸಾಮಾನ್ಯ ಬಳಕೆದಾರರಿಗೆ ಅರ್ಥವಾಗುವಂತಿರುವುದಿಲ್ಲ. ಕೊನೆಯ ಸಾಲನ್ನಲ್ಲ, ಮೊದಲು ದೋಷ ಎಂದು ಬಂದ ಸಾಲನ್ನು ಹುಡುಕಿ ಓದುವುದನ್ನು ಕಲಿಯಬೇಕು. ಇಮ್ಗ್‌ಬರ್ನ್ ವಿಂಡೋಸಿಗಾಗಿ ಮಾಡಿದ್ದು. ಲಿನಕ್ಸ್ ಬಳಸುವವರಿಗೆ ಕೆ3ಬಿ ಇದೆ. ಡಿವಿಡಿ ಸ್ಟೈಲರ್, ಇಮ್ಗ್‌ಬರ್ನ್ ಎರಡನ್ನೂ ಅವುಗಳ ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕು, ಅನುಸ್ಥಾಪಿಸುವಾಗ ಬರುವ ಪ್ರತಿಯೊಂದು ಪರದೆಯನ್ನೂ ಓದಿ ಮುಂದುವರಿಯಬೇಕು. ಐದಕ್ಕೆ ಅಂಕ ಕೊಡುವುದಾದರೆ ಡಿವಿಡಿ ಸ್ಟೈಲರಿಗೆ ನಾಲ್ಕು, ಇಮ್ಗ್‌ಬರ್ನಿಗೆ ನಾಲ್ಕೂವರೆ.

ಈ ಡಿಸ್ಕುಗಳ ಮೇಲೆ ಕಾಗದದ ಲೇಬಲ್ ಅಂಟಿಸಿಲ್ಲ. ತೇವಕ್ಕೆ ಅದು ಒಂದು ಬದಿ ಎದ್ದು ಡಿಸ್ಕ್ ಓಲಾಡಿ ತಿರುಗುತ್ತದೆ. ಡಿಸ್ಕಿಗೆಂದೇ ಸಿಗುವ ಮೆತ್ತನೆಯ ತುದಿಯ ಪೆನ್ನಿನಿಂದ ಇಸವಿ, ಪಾಲ್ ಅಥವಾ ಎನ್‌ಟಿಎಸ್‌ಸಿ, ಒಟ್ಟು ನಿಮಿಷ ಇಷ್ಟನ್ನು ಬರೆದಿದ್ದೇನೆ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದಾಗ ಮನೆಯ ಜೊತೆಗೆ ಆಲ್ಬಮ್ಮುಗಳನ್ನೂ ಕ್ಯಾಸೆಟ್ಟುಗಳನ್ನೂ ಕಳೆದುಕೊಂಡವರು ನಮ್ಮ ಬಳಗದಲ್ಲೇ ಇದ್ದಾರೆ. ಆದ್ದರಿಂದ ಪ್ರತಿಯೊಂದನ್ನೂ ಮೂರು ಪ್ರತಿ ಮಾಡಿದೆ: ಒಂದು ನಾಪೋಕ್ಲಿನಲ್ಲಿ, ಒಂದು ಮಡಿಕೇರಿಯ ನಮ್ಮ ಮನೆಯಲ್ಲಿ, ಇನ್ನೊಂದು ಮೈಸೂರಿನಲ್ಲಿರುವ ತಂಗಿಯ ಮನೆಯಲ್ಲಿ. ಐಎಸ್‌ಒ ಕಡತಗಳನ್ನೂ ಮಿನಿಡಿವಿಯ ಮೂಲ ಕಡತಗಳನ್ನೂ ಹಾರ್ಡ್ ಡಿಸ್ಕೊಂದರಲ್ಲಿ ಹಾಕಿ ಅದನ್ನೂ ಮೈಸೂರಿಗೆ ಕಳುಹಿಸಿದ್ದೇನೆ.